ವರುಣನ ಪಾಶ

ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯನ್ನು ಪಾಠಶಾಲೆಯಲ್ಲಿ ಆರಂಭಿಸುವಾಗ ಮಿತ್ರನನ್ನೂ ವರುಣನನ್ನೂ ಮೊದಲು ಪ್ರಾರ್ಥಿಸುವುದು ಸಂಪ್ರದಾಯ. ಬಾಲ್ಯದಲ್ಲಿ ಆ ಮಂತ್ರವನ್ನು ನೂರಾರು ಸಲ ಹೇಳಿದ ನನಗೆ, ನಮ್ಮ ನೌಕಾಪಡೆಯ ಧ್ಯೇಯವಾಕ್ಯವೂ ವರುಣನು ಮಂಗಳವನ್ನುಂಟುಮಾಡಲಿ ಎಂಬ ಅರ್ಥದ್ದೇ ಎಂದು ತಿಳಿದದ್ದು ಅರುವತ್ತು ದಾಟಿದ ಮೇಲೆ. ಅದೂ ಮಗಳ ಮದುವೆಯ ಮಾತು ಬಂದಾಗ. ವಿವಾಹಪ್ರಕರಣದಲ್ಲಿಯೂ ಈ ದೇವತೆಯನ್ನು ಬಿಡುವಂತಿಲ್ಲ. ಋಗ್ವೇದದ ಹತ್ತನೆಯ ಮಂಡಲದ ವಿವಾಹಸೂಕ್ತವು ವಧುವನ್ನು ವರುಣನ ಪಾಶದಿಂದ ಬಿಡಿಸುತ್ತದೆ. ತವರಿನ ಕಟ್ಟು ಕಳಚಿ ಪತಿಗೃಹವನ್ನು ಸೇರಲಿ ಎಂಬುದು ಅದರ ತಾತ್ಪರ್ಯ. ಆದರೆ ಪತಿಯೇ ವರುಣನ ಪಾಶದಲ್ಲಿರುವವನಾದರೆ, ಅವನ ಗೃಹವು ಯಾವ ಊರಿನಲ್ಲಿ ಎಂಬುದೇ ನಿಶ್ಚಯವಿಲ್ಲದಿದ್ದರೆ, ಹೆಣ್ಣು ಕೊಡುವವರು ಏನು ಮಾಡಬೇಕು?

ನನ್ನ ಕಿರಿಯ ಮಗಳು ನಮ್ಮ ತಾಲೂಕಿನ ಸರಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತವನ್ನು ಕಲಿಸುತ್ತಾಳೆ. ವರನು ಘಟ್ಟದ ಮೇಲಿನವನು, ಪದವಿಪೂರ್ವ ತರಗತಿಯಲ್ಲಿ ಅವಳ ಸಹಪಾಠಿಯಾಗಿದ್ದವನು. ಇಂಜಿನಿಯರಿಂಗ್ ಪದವಿಯ ಅನಂತರ ಏಳಿಮಲದ ನೌಕಾ ಅಕಾಡೆಮಿಯನ್ನು ಸೇರಿದನು. ಕೇರಳದ ಕಣ್ಣೂರು ಜಿಲ್ಲೆಯಲ್ಲಿ, ಪಯ್ಯನೂರಿನ ಸಮೀಪದ ಕಡಲತೀರದಲ್ಲಿ, 2009ರಲ್ಲಿ ಉದ್ಘಾಟನೆಗೊಂಡ ಸಂಸ್ಥೆಯಿದು. ಹನ್ನೆರಡನೆಯ ತರಗತಿ ಮುಗಿಸಿ ಬಂದ ಹುಡುಗರು ಇಲ್ಲಿ ನಾಲ್ಕು ವರ್ಷವಿದ್ದು ಪದವಿಯೊಡನೆ ಹೊರಬೀಳುತ್ತಾರೆ; ಪದವೀಧರರಾಗಿಯೇ ಬಂದವರಿಗೆ ಕಾಲ ಕಡಿಮೆ. ತರಬೇತಿ ಮುಗಿಯುವವರೆಗೆ ಮದುವೆಯಾಗಕೂಡದು; ಆದವನನ್ನು ಪಡೆಯಿಂದ ಕಳುಹಿಸುವುದಲ್ಲದೆ, ಅವನಿಗಾಗಿ ಸರಕಾರವು ಮಾಡಿದ ವೆಚ್ಚವನ್ನೂ ವಸೂಲು ಮಾಡಬಹುದು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ನಾವಿಕರಾಗಿ ಸೇರುವ ಹುಡುಗರಿಗಂತೂ ನಾಲ್ಕು ವರ್ಷದ ಸೇವೆಯುದ್ದಕ್ಕೂ ಈ ನಿರ್ಬಂಧವಿದೆ.

ಇದನ್ನು ಕೇಳಿ ನಮ್ಮ ನೆಂಟರಲ್ಲಿ ಕೆಲವರು, ಇದೆಂಥ ಸನ್ಯಾಸವೆಂದು ಹುಬ್ಬೇರಿಸಿದರು. ನನಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. ಗುರುಕುಲದಲ್ಲಿದ್ದ ಬ್ರಹ್ಮಚಾರಿಯು ಸಮಾವರ್ತನದ ಸ್ನಾನ ಮಾಡಿದ ಮೇಲೆಯೇ ಅಲ್ಲವೇ ಗೃಹಸ್ಥಾಶ್ರಮದ ಮಾತು? ಏಳಿಮಲದಲ್ಲಿ ಸ್ನಾನದ ಬದಲು ಪಥಸಂಚಲನ; ಅದು ಮುಗಿದ ಮೇಲೆ ತಂದೆತಾಯಿಗಳು ಬಂದು ಮಗನ ಭುಜದ ಪಟ್ಟಿಯನ್ನು ತೆರೆದು ತೋರಿಸುತ್ತಾರೆ. ಪಥಸಂಚಲನದ ಕೊನೆಯ ಹೆಜ್ಜೆಗೆ ಹಿಂದಿಯಲ್ಲಿ ‘ಅಂತಿಮ ಪಗ್’ ಎಂದು ಹೆಸರಿದೆಯಂತೆ. ಆ ಕೊನೆಯ ಹೆಜ್ಜೆಗೂ ಸಪ್ತಪದಿಯ ಮೊದಲ ಹೆಜ್ಜೆಗೂ ನಡುವೆ ಎಷ್ಟು ದಿನಗಳಿರಬೇಕು ಎಂಬುದೇ ನಮ್ಮ ಎರಡು ಮನೆಗಳ ವಿವಾದವಾಯಿತು.

ಏಳಿಮಲದ ಪಥಸಂಚಲನವು ಸಾಮಾನ್ಯವಾಗಿ ಮೇ ತಿಂಗಳ ಕೊನೆಯಲ್ಲೊಮ್ಮೆ, ನವೆಂಬರ್ ಕೊನೆಯಲ್ಲೊಮ್ಮೆ. ನಮ್ಮ ವರನದು ಮೊದಲನೆಯದು. ಪರಾಭವ ಸಂವತ್ಸರದ ಪಂಚಾಂಗವನ್ನು ತೆರೆದರೆ, 2026ರ ಜ್ಯೇಷ್ಠವೇ ಅಧಿಕವಾಗಿ, ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಶುಭಕಾರ್ಯಕ್ಕೆ ಎಡೆಯಿಲ್ಲ. ನಿಜ ಜ್ಯೇಷ್ಠವು ಜುಲೈ ಮಧ್ಯದವರೆಗೆ. ಆಮೇಲೆ ಆಷಾಢವು ಬಂದೇ ಬಿಟ್ಟಿತು. ವರನ ರಜೆಯೋ ಜೂನ್ ಮೂರನೆಯ ವಾರಕ್ಕೆ ಮುಗಿಯುವ ಸಂಭವ. ಉಳಿದದ್ದು ನಾಲ್ಕೈದು ದಿನ, ಅದೂ ನಮ್ಮ ಕರಾವಳಿಯ ಮಳೆಯಲ್ಲಿ! ವರನು ಜ್ಯೇಷ್ಠಪುತ್ರನಾದ್ದರಿಂದ, ಜ್ಯೇಷ್ಠತ್ರಯದ ದೋಷವುಂಟೇ ಎಂದು ನನ್ನ ಮನೆಯವಳು ಒಂದು ರಾತ್ರಿ ನಿದ್ರೆಗೆಟ್ಟಳು. ವಧುವೂ ಮೊದಲ ಸಂತಾನವಾಗಿದ್ದರೆ ಆ ಮಾತು ಬರುತ್ತಿತ್ತು. ನಮ್ಮವಳು ಕೊನೆಯವಳು ಎಂದು ಹೇಳಿ ಸಮಾಧಾನಪಡಿಸಿದೆ.

ವರನ ತಂದೆಯವರು ಸರಳರು, ಆದರೆ ಅವಸರದವರು. “ಮಾಸ್ತರರೇ, ಆ ನಾಲ್ಕು ದಿನದಲ್ಲೇ ಮುಗಿಸಿಬಿಡೋಣ. ಹುಡುಗಿ ನೌಕರಿಗೆ ರಾಜೀನಾಮೆ ಕೊಟ್ಟು ನಮ್ಮ ಮನೆಗೆ ಬರಲಿ. ಅವನು ಹಡಗಿನಿಂದ ಬಂದಾಗ ಬರುತ್ತಾನೆ” ಎಂದರು. ಕಾರವಾರದ ಬಳಿಯ ಅರ್ಗಾದಲ್ಲಿ 2005ರಿಂದ ನೌಕಾನೆಲೆಯಿರುವುದು ಅವರ ಧೈರ್ಯಕ್ಕೆ ಆಧಾರ. ಆ ನೆಲೆಗೆ ‘ಕದಂಬ’ವೆಂದು ಹೆಸರು. ಬನವಾಸಿಯ ಅರಸರ ಹೆಸರನ್ನು ಹೊತ್ತ ನೆಲೆ ಜಿಲ್ಲೆಯಲ್ಲಿಯೇ ಇರುವಾಗ ಹುಡುಗನು ಅಲ್ಲಿಗೆ ಬಾರದೆ ಎಲ್ಲಿಗೆ ಹೋದಾನು ಎಂಬುದು ಅವರ ತರ್ಕ. ತರ್ಕವೇನೋ ಸೊಗಸಾಗಿದೆ, ಆದರೆ ವರ್ಗಾವಣೆಯು ನ್ಯಾಯಶಾಸ್ತ್ರವನ್ನು ಓದಿದ್ದಲ್ಲ. ಅಕಾಡೆಮಿಯಿಂದ ಹೊರಟವನಿಗೆ ಮುಂದೆ ಕೊಚ್ಚಿಯ ತರಬೇತಿ ಹಡಗುಗಳಲ್ಲಿ ಸುಮಾರು ಆರು ತಿಂಗಳ ಸಮುದ್ರಾಭ್ಯಾಸವಿದೆ. ಅಲ್ಲಿ ಹೆಂಡತಿಗೆ ಸ್ಥಳವಿಲ್ಲ. ಅದಾದ ಮೇಲೆ ಮುಂಬಯಿಯೋ, ವಿಶಾಖಪಟ್ಟಣವೋ, ಕಾರವಾರವೋ, ಅಂಡಮಾನೋ!

ನೌಕರಿಯ ಮಾತು ನನ್ನನ್ನು ಹೆಚ್ಚಾಗಿ ತಟ್ಟಿತು. ಶಿಕ್ಷಕವೃತ್ತಿಯಲ್ಲಿಯೇ ಆಯುಷ್ಯವನ್ನು ಕಳೆದ ನನಗೆ, ಪರೀಕ್ಷೆ ಬರೆದು ತನ್ನ ಅರ್ಹತೆಯಿಂದಲೇ ಪಡೆದ ಹುದ್ದೆಯನ್ನು ಹುಡುಗಿಯೊಬ್ಬಳು ಬಿಟ್ಟುಬರಲಿ ಎಂದು ಯಾರಾದರೂ ಲಘುವಾಗಿ ಹೇಳಿದರೆ ಸಹನೆಯಾಗುವುದಿಲ್ಲ. ರಾಜ್ಯ ಸರಕಾರದ ಶಿಕ್ಷಕಿಯನ್ನು ಕೇರಳಕ್ಕೋ ಆಂಧ್ರಕ್ಕೋ ವರ್ಗ ಮಾಡುವಂತಿಲ್ಲವೆಂಬುದು ನಿಜ. ಒಂದು ದಿನ ಬಿಡಬೇಕಾದೀತು. ಆದರೆ ಗಂಡನು ಸಮುದ್ರದ ಮೇಲಿರುವ ಆರು ತಿಂಗಳು, ಹುದ್ದೆಯನ್ನು ಕಳೆದುಕೊಂಡು, ಪರಿಚಯವಿಲ್ಲದ ಮನೆಯ ಜಗಲಿಯಲ್ಲಿ ಮಳೆ ನೋಡುತ್ತ ಕುಳಿತಿರಲು ಮದುವೆ ಏತಕ್ಕೆ? ಯಕ್ಷನಿಗಾದರೂ ಸಂದೇಶ ಒಯ್ಯಲು ಆಷಾಢದ ಮೇಘವೊಂದಿತ್ತು. ಅವನ ಪತ್ನಿ ಇದ್ದದ್ದು ತನ್ನ ಸ್ವಂತ ಮನೆಯಲ್ಲಿ.

ನಾವು ಹಿರಿಯರು ಹೀಗೆ ಎರಡು ವಾರ ವಾದಿಸಿದೆವು. ಮಗಳು ಅಷ್ಟು ದಿನವೂ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದವಳು, ಒಂದು ಸಂಜೆ ಕೆಂಪು ಲೇಖನಿಯನ್ನು ಕೆಳಗಿಟ್ಟು, “ಅಪ್ಪಯ್ಯ, ಹಡಗಿನವನನ್ನು ಮದುವೆಯಾಗಲು ನನಗೆ ಭಯವಿಲ್ಲ. ಹಡಗು ಹೋದ ಮೇಲೆ ನಾನು ಏನು ಮಾಡಿಕೊಂಡಿರಬೇಕು ಎಂಬುದನ್ನು ಮಾತ್ರ ನೀವು ಯಾರೂ ಹೇಳುತ್ತಿಲ್ಲ” ಎಂದಳು. ಉತ್ತರವನ್ನು ಅವಳೇ ಸಿದ್ಧಪಡಿಸಿದ್ದಳು. ಕೇಂದ್ರೀಯ ವಿದ್ಯಾಲಯಗಳು ದೇಶದ ಎಲ್ಲ ಕಡೆಗೂ ಇವೆ. ನೌಕಾನೆಲೆಗಳಿರುವ ಹಲವು ಊರುಗಳಲ್ಲಿ ನೌಕಾಪಡೆಯದೇ ಶಾಲೆಗಳೂ ಉಂಟು. ಅವಕ್ಕೆ ಬೇಕಾದ ಪರೀಕ್ಷೆಗೆ ಅವಳು ಆಗಲೇ ಓದತೊಡಗಿದ್ದಳು. ಗಂಡನ ಊರು ಯಾವುದೆಂಬ ಆಜ್ಞೆ ಕೈಗೆ ಬಂದ ಮೇಲೆ ರಾಜೀನಾಮೆ, ಅದಕ್ಕೆ ಮೊದಲಲ್ಲ ಎಂದಳು. ಅವನಿಗೂ ಇದೇ ಸಮ್ಮತವೆಂದು ಅವನ ಪತ್ರವನ್ನು ತೋರಿಸಿದಳು. ಮುಖ್ಯವಾದ ಎರಡು ಸಾಲುಗಳನ್ನು ಮಾತ್ರ ತೋರಿಸಿ, ಉಳಿದುದನ್ನು ಮಡಿಸಿಟ್ಟಳು.

ಬೀಗರು ಮೂರು ದಿನ ಮೌನವಾಗಿದ್ದು, ನಾಲ್ಕನೆಯ ದಿನ ಒಪ್ಪಿದರು. ಜೂನ್ ರಜೆಯಲ್ಲಿ ನಿಶ್ಚಿತಾರ್ಥ. ಮದುವೆ 2027ರ ಮಾಘದಲ್ಲಿ, ರಜೆ ದೊರೆತರೆ. ದೊರೆಯದಿದ್ದರೆ ಫಾಲ್ಗುನವಿದೆ.

ಇನ್ನೊಂದು ಸಂಗತಿ ಉಳಿದಿತ್ತು. ಹಿತ್ತಿಲ ಹಲಸಿನ ಮರವನ್ನು ಕೊಯ್ಯಿಸಿ, ಅವಳ ಮಂಚಕ್ಕೆಂದು ಹಲಗೆಗಳನ್ನು ಹನ್ನೆರಡು ವರ್ಷದಿಂದ ಅಟ್ಟದ ಮೇಲೆ ಇಟ್ಟಿದ್ದೆವು. ಕೆಲವು ವರ್ಷಕ್ಕೊಮ್ಮೆ ಊರು ಬದಲಿಸುವವರು ಅಂಥ ಮಂಚವನ್ನು ಎಲ್ಲಿಗೆಂದು ಹೊತ್ತಾರು? ಅವಳ ತಾಯಿ ಆ ದಿನ ಊಟ ಸರಿಯಾಗಿ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಅವಳೇ ಬಡಗಿಗೆ ಹೇಳಿಕಳುಹಿಸಿದಳು, ಅದೇ ಹಲಗೆಯಿಂದ ಹಿಡಿಕೆಯುಳ್ಳ ಎರಡು ಪೆಟ್ಟಿಗೆಗಳನ್ನು ಮಾಡಿಕೊಡಬೇಕೆಂದು.