ಹನ್ನೊಂದು ಹೆಜ್ಜೆ

ಮೈಸೂರಿನವರಿಗೆ ಬಿಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ರೈಲು ಬಿಡುತ್ತೇವೆ, ಬುರುಡೆ ಬಿಡುತ್ತೇವೆ, ದಸರೆಗೆ ಬೆಂಗಳೂರಿನ ನೆಂಟರು ಬಂದರಂತೂ ಅರಮನೆಯ ಬಗ್ಗೆ ಅರಮನೆಯವರಿಗೂ ಗೊತ್ತಿಲ್ಲದ ಕಥೆಗಳನ್ನು ಬಿಡುತ್ತೇವೆ. ಅಂಥ ಊರಿನಲ್ಲಿ ಹುಟ್ಟಿ ಬೆಳೆದ ನಾನು 62ನೇ ವಯಸ್ಸಿನಲ್ಲಿ, ರಿಂಗ್ ರಸ್ತೆಯಾಚೆಯ ಬಯಲೊಂದರಲ್ಲಿ, ಬಿಡಲಾರದೆ ನಿಂತಿರುತ್ತಿದ್ದೆ. ನನ್ನ ಅರ್ಧ ವಯಸ್ಸೂ ಆಗದ ಹುಡುಗನೊಬ್ಬ ಬೆನ್ನ ಹಿಂದೆ ನಿಂತು, "ಬುಡಿ ಸಾ, ಬುಡಿ" ಅನ್ನುತ್ತಿದ್ದ.

ಬಿಡಬೇಕಾಗಿದ್ದದ್ದು ಬಾಣ.

ನಿವೃತ್ತರಾದವರಿಗೆ ಈ ಊರಿನಲ್ಲಿ ದಾರಿಗಳು ನಿಗದಿಯಾಗಿವೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಬಹುದು. ಮೊದಲ ಸುತ್ತಿಗೆ ಸಕ್ಕರೆ ಕಾಯಿಲೆ, ಎರಡನೆಯದಕ್ಕೆ ಪೆನ್ಶನ್ ಎಂದು ಮಾತಿನ ವಿಷಯವೂ ಮೊದಲೇ ಗೊತ್ತಿರುತ್ತದೆ. ಇಲ್ಲವೇ ಗೋಕುಲದ ಕಡೆ ಹೋಗಿ ವಿದೇಶಿಯರ ನಡುವೆ ಮಂಡಿ ಮಡಿಸಲು ಪ್ರಯತ್ನಿಸಬಹುದು. ನನಗೆ ಎರಡೂ ಒಗ್ಗಲಿಲ್ಲ. ಮೊಮ್ಮಗನನ್ನು ಬಿಲ್ಲುಗಾರಿಕೆಯ ಶಿಬಿರಕ್ಕೆ ಸೇರಿಸಲು ಹೋದವನು ನಾನೇ ಸೇರಿಕೊಂಡು ಬಂದೆ. ಮೊಮ್ಮಗ ಒಂದು ವಾರಕ್ಕೆ ಕ್ರಿಕೆಟ್ಟಿಗೆ ವಾಪಸಾದ.

ಸೇರುವಾಗ ಆ ಹುಡುಗ, ಅಂದರೆ ನನ್ನ ಗುರು, ಕೇಳಿದ: "ನಿಮ್ಗೆ ಯಾವ್ದು ಸಾ? ರಿಕರ್ವಾ, ಕಾಂಪೌಂಡಾ, ಬೇರ್‌ಬೋನಾ?" ನನ್ನ ಕಿವಿಗೆ ಕೊನೆಯದು 'ಬರೀ ಬಿಲ್ಲಾ' ಎಂದು ಕೇಳಿಸಿತು. "ಬೇರೆ ಏನೂ ಬೇಡಪ್ಪ, ಬರೀ ಬಿಲ್ಲು ಸಾಕು" ಎಂದೆ. ಅವನು ನನ್ನನ್ನು ಸ್ವಲ್ಪ ಗೌರವದಿಂದ ನೋಡಿದ. ಆ ಗೌರವ ಯಾಕೆಂದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು.

ಕೇಳಿಸಿಕೊಂಡದ್ದು ತಪ್ಪಾದರೂ ಅರ್ಥ ತಪ್ಪಿರಲಿಲ್ಲ. ಒಲಿಂಪಿಕ್ಸಿನಲ್ಲಿ ಕಾಣುವ ಬಿಲ್ಲಿಗೆ ಗುರಿ ನೋಡಲು ಕಿಂಡಿ, ಅಲುಗಾಡದಿರಲು ಉದ್ದುದ್ದ ಸರಳುಗಳು, ಇಷ್ಟು ಎಳೆದರೆ ಸಾಕು ಎಂದು ಟಿಕ್ ಅನ್ನುವ ತಗಡಿನ ಪಟ್ಟಿ, ಎಲ್ಲ ಇರುತ್ತವೆ. ಬೇರ್‌ಬೋಗೆ ಇವು ಯಾವುವೂ ಇಲ್ಲ. ಹೆದೆ ಬಿಚ್ಚಿದ ಬಿಲ್ಲು, ಅದಕ್ಕೆ ತಗುಲಿಸಿದ್ದೆಲ್ಲ ಸೇರಿ, 12.2 ಸೆಂಟಿಮೀಟರ್ ವ್ಯಾಸದ ಬಳೆಯೊಂದರೊಳಗೆ ನುಸುಳಿಹೋಗಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ಬಳೆಗಾರ ಕೈಯನ್ನು ಅಳೆದ ಹಾಗೆ ಬಿಲ್ಲನ್ನು ಅಳೆಯುತ್ತಾರೆ. ತಮಾಷೆಯೆಂದರೆ, 50 ಮೀಟರ್ ದೂರದಲ್ಲಿ ಇಡುವ 122 ಸೆಂಟಿಮೀಟರಿನ ಗುರಿಹಲಗೆಯ ನಡುವೆ ಹತ್ತು ಅಂಕದ ಹಳದಿ ಚಕ್ರವಿರುತ್ತದಲ್ಲ, ಅದರ ಅಡ್ಡಳತೆಯೂ ಸರಿಯಾಗಿ 12.2 ಸೆಂಟಿಮೀಟರು. ಬಿಲ್ಲು ತೂರುವಷ್ಟು ಜಾಗದಲ್ಲಿ ಬಾಣವೂ ತೂರಬೇಕು. ಬಾಣ ತಪ್ಪಿದರೆ ಬಯ್ಯಲು ಬಿಲ್ಲಿನ ಮೇಲೆ ಒಂದು ಸ್ಕ್ರೂ ಕೂಡ ಸಿಗುವುದಿಲ್ಲ. ಜೀವಮಾನವಿಡೀ ಸರ್ಕಾರಿ ಕಚೇರಿಯಲ್ಲಿ ದುಡಿದವನಿಗೆ ಇದಕ್ಕಿಂತ ಕಷ್ಟದ ಸ್ಥಿತಿ ಇನ್ನೊಂದಿಲ್ಲ.

ಗುರುವಿನ ಊರು ಎಚ್.ಡಿ. ಕೋಟೆ ಕಡೆಯದು. ಅವನು ಶುರುಮಾಡಿದ್ದು ಬಿದಿರಿನ ಬಿಲ್ಲಿನಲ್ಲಿ. ನಮ್ಮ ದೇಶದಲ್ಲಿ ಅದಕ್ಕೇ 'ಇಂಡಿಯನ್ ರೌಂಡ್' ಎಂಬ ಸ್ಪರ್ಧೆಯಿದೆ, 50 ಮೀಟರು ಮತ್ತು 30 ಮೀಟರು. ನಾನು ಅವನನ್ನು 'ಗುರುಗಳೇ' ಎಂದರೆ, "ಸುಮ್ಕಿರಿ ಸಾ" ಎಂದು ನಾಚುತ್ತಾನೆ. ಆದರೆ ಕಲಿಸುವಾಗ ನಾಚಿಕೆಯಿಲ್ಲ. ಮೊದಲ ದಿನವೇ ನನ್ನ ಎರಡೂ ಕೈಗಳಿಂದ ತ್ರಿಕೋನ ಮಾಡಿಸಿ, ಅದರೊಳಗಿಂದ ದೂರದ ಚಾಮುಂಡಿ ಬೆಟ್ಟದ ತುದಿ ನೋಡಿಸಿ, ಒಂದೊಂದೇ ಕಣ್ಣು ಮುಚ್ಚಿಸಿ ತೀರ್ಪು ಕೊಟ್ಟ: "ನಿಮ್ದು ಎಡಗಣ್ಣು ಜೋರು ಸಾ. ಬಲಗೈಯೋರು, ಎಡಗಣ್ಣೋರು. ಒಳಗೇ ಜಗ್ಳ." ಇಷ್ಟು ವರ್ಷ ನನ್ನೊಳಗೆ ಇದ್ದದ್ದು ಯಾವ ಜಗಳ ಎಂದು ಆವತ್ತು ತಿಳಿಯಿತು. ಎಡಗಣ್ಣನ್ನು ಅರೆ ಮುಚ್ಚಿ ರಾಜಿ ಮಾಡಿಸಿದ್ದಾಯಿತು.

ಪಾದ ಗುರಿಗೆ ಅಡ್ಡವಾಗಿ, ಭುಜ ಇಳಿಬಿಟ್ಟು, ಬಿಲ್ಲನ್ನು ಹಿಡಿಯದೆ ಅಂಗೈಯ ಬುಡಕ್ಕೆ ಒತ್ತಿಸಿಕೊಂಡು ನಿಲ್ಲಬೇಕು. ಎಳೆಯುವುದು ತೋಳಲ್ಲ, ಬೆನ್ನು. ಎರಡು ಹೆಗಲ ಮೂಳೆಗಳು ಹಿಂದೆ ಹತ್ತಿರವಾಗಬೇಕು. ಎಳೆದ ಕೈ ಪ್ರತಿ ಸಲವೂ ಮುಖದ ಅದೇ ಜಾಗಕ್ಕೆ ಬಂದು ಕೂರಬೇಕು. ನನಗೆ ಗೊತ್ತುಮಾಡಿದ್ದು ತುಟಿಯ ಕೊನೆ, ತೋರುಬೆರಳು ಕೋರೆಹಲ್ಲಿನ ಮೇಲೆ ಬರುವ ಹಾಗೆ. ಆ ಹಲ್ಲು ನನ್ನದಲ್ಲ, ಕಟ್ಟಿಸಿದ್ದು ಎಂದು ಹೇಳಿದಾಗ ಗುರು ಯೋಚಿಸಿ, "ಗಟ್ಟಿಯಾಗೈತಾ?" ಎಂದ. ಐತೆ ಎಂದೆ. "ಅಂಗಾರೆ ಆಯ್ತು."

ಇಷ್ಟೆಲ್ಲ ಬಂತು. ಬಿಡುವುದು ಬರಲಿಲ್ಲ. ಹಳದಿ ಚಕ್ರ ಕಣ್ಣಿಗೆ ಬಿದ್ದ ಕೂಡಲೇ ಬೆರಳುಗಳು ಹೆದೆಯನ್ನು ಬಿಗಿಹಿಡಿದು ಬಿಡುತ್ತಿದ್ದವು. ಇನ್ನೊಂಚೂರು ನೋಡೋಣ, ಇನ್ನೊಂಚೂರು ಸರಿಮಾಡೋಣ. ಕೊನೆಗೆ ಕೈ ನಡುಗಿ, ಬೆರಳು ಗಾಬರಿಯಿಂದ ಬಿಚ್ಚಿಕೊಂಡು, ಹೆದೆ ಎಡಗೈಗೆ ಪಟ್ಟನೆ ಬಡಿದು, ಬಾಣ ಹುಲ್ಲಿಗೆ ಹೋಗುತ್ತಿತ್ತು. ಮುಂಗೈ ಮೇಲಿನ ನೀಲಿ ಬರೆ ನೋಡಿ ಪಕ್ಕದ ಮನೆಯವರು ನನ್ನ ಹೆಂಡತಿಯನ್ನು ಬೇರೆ ರೀತಿಯಲ್ಲಿ ನೋಡತೊಡಗಿದರು.

"ಅದ್ಯಾಕ್ ಸಾ ಅಂಗ್ ಇಡ್ಕೊಂಡಿದ್ದೀರಿ? ಯಾರಾದ್ರು ಕಿತ್ಕೊಂಡ್ ಓಯ್ತಾರಾ? ಬೆರಳು ಬಿಚ್ಚಬ್ಯಾಡಿ. ಇಡ್ಕೊಳೋದ್ನ ನಿಲ್ಸಿ, ಅಷ್ಟೇಯ. ಎಳೀತಾನೇ ಇರಿ, ಅದೇ ಓಯ್ತದೆ."

ಹಿಡಿದುಕೊಳ್ಳುವುದನ್ನು ನಿಲ್ಲಿಸುವುದು! ಮೂವತ್ನಾಲ್ಕು ವರ್ಷ ಒಂದು ಫೈಲನ್ನು ಎಷ್ಟು ದಿನ ಹಿಡಿದುಕೊಳ್ಳಬಹುದು ಎಂಬುದರಲ್ಲೇ ಪರಿಣತಿ ಪಡೆದ ಬೆರಳುಗಳಿಗೆ ಈ ಮಾತು. ಅವನು ಹಲಗೆಯ ಬಣ್ಣದ ಕಾಗದ ಕಿತ್ತುಹಾಕಿ, ನನ್ನನ್ನು ಮೂರು ಹೆಜ್ಜೆ ದೂರದಲ್ಲಿ ನಿಲ್ಲಿಸಿ, ಕಣ್ಣು ಮುಚ್ಚಿಸಿ ಒಂದು ತಿಂಗಳು ಬರೀ ಬಿಡಿಸಿದ. ಗುರಿಯಿಲ್ಲ, ಅಂಕವಿಲ್ಲ. ಐದನೇ ಕ್ಲಾಸಿನ ಮಕ್ಕಳು ಪಕ್ಕದಲ್ಲಿ ಹಳದಿಗೆ ಹೊಡೆಯುತ್ತ, "ತಾತ ನಿದ್ದೆ ಮಾಡ್ಕೊಂಡು ಹೊಡೀತಾರೆ" ಎಂದು ನಗುತ್ತಿದ್ದವು.

ಆ ಕತ್ತಲಲ್ಲಿ ನಾನು ಏಕಲವ್ಯನ ವಿಚಾರ ಮಾಡುತ್ತಿದ್ದೆ. ಒಂಟಿಕೊಪ್ಪಲಿನಲ್ಲಿ 'ಉದಯರವಿ'ಯ ಮುಂದೆ ಹಾದುಹೋಗುವವರಿಗೆ ಇದು ತಪ್ಪಿದ್ದಲ್ಲ. ಕುವೆಂಪು ಅವರು ಆ ಹೆಬ್ಬೆರಳಿನ ಮೇಲೆ 'ಬೆರಳ್‌ಗೆ ಕೊರಳ್' ನಾಟಕವನ್ನೇ ಬರೆದರು. ಕೈಲಾಸಂ ಅದೇ ಹುಡುಗನ ಮೇಲೆ ಇಂಗ್ಲಿಷಿನಲ್ಲಿ 'ದಿ ಪರ್ಪಸ್' ಬರೆದರು. ಅಲ್ಲಿ ಅವನು ಬಿಲ್ವಿದ್ಯೆ ಕೇಳುವುದು ತೋಳಗಳಿಂದ ಜಿಂಕೆಮರಿಗಳನ್ನು ಕಾಪಾಡಲು. ಸರ್ಕಾರಗಳೂ ಹಿಂದೆ ಬಿದ್ದಿಲ್ಲ. ಕೇಂದ್ರದವರು 1961ರಲ್ಲಿ ಅರ್ಜುನನ ಹೆಸರಲ್ಲಿ, 1985ರಲ್ಲಿ ದ್ರೋಣನ ಹೆಸರಲ್ಲಿ ಪ್ರಶಸ್ತಿ ಇಟ್ಟರು. ಕರ್ನಾಟಕದವರು ಏಕಲವ್ಯನ ಹೆಸರಲ್ಲಿ ಇಟ್ಟರು. ಒಂದೇ ಬೆರಳಿನ ಮೊಕದ್ದಮೆಯ ಮೂರೂ ಕಕ್ಷಿಗಾರರಿಗೆ ನ್ಯಾಯ ಸಿಕ್ಕಿತು. ನನಗೆ ಹೊಳೆದದ್ದು ಬೇರೆ. ನಾನು ಹೆದೆ ಎಳೆಯುವುದು ತೋರು, ನಡು, ಉಂಗುರ ಈ ಮೂರು ಬೆರಳುಗಳಲ್ಲಿ. ಹೆಬ್ಬೆರಳು ಅಂಗೈಯೊಳಗೆ ಮಡಿಸಿಕೊಂಡು ಸುಮ್ಮನಿರುತ್ತದೆ. ತುರ್ಕರು, ಮಂಗೋಲರು ಹೆಬ್ಬೆರಳಿಗೆ ಉಂಗುರ ತೊಟ್ಟು ಎಳೆಯುತ್ತಿದ್ದರು. ಬೆರಳು ಕೊಟ್ಟ ಮೇಲೂ ಏಕಲವ್ಯ ಉಳಿದ ಬೆರಳುಗಳಿಂದ ಬಾಣ ಬಿಟ್ಟ, ಆದರೆ ಮೊದಲಿನ ಚುರುಕು ಇರಲಿಲ್ಲ ಎಂದು ಮಹಾಭಾರತ ಹೇಳುತ್ತದೆ. ಹಾಗಾದರೆ ಇಂದು ಈ ಬಯಲಿನಲ್ಲಿ ನಿಂತವರೆಲ್ಲ ಎರಡನೇ ಸಲ ಕಲಿತ ಏಕಲವ್ಯನ ಶಿಷ್ಯರು. ಚುರುಕಿಲ್ಲದಿರುವುದಕ್ಕೆ ನನಗೊಂದು ಪುರಾಣದ ಆಧಾರವೂ ಸಿಕ್ಕಂತಾಯಿತು.

ತಿಂಗಳಾದ ಮೇಲೆ ಕಣ್ಣು ಬಿಡಿಸಿ 10 ಮೀಟರಿಗೆ ನಿಲ್ಲಿಸಿದ. ಆರು ಬಾಣ ಬಿಟ್ಟೆ. ಒಂದೂ ಹಳದಿಯಲ್ಲಿಲ್ಲ, ಆರೂ ಮೇಲ್ಗಡೆಯ ಬಿಳಿಯಲ್ಲಿ, ಒಂದು ಮುಷ್ಟಿಯಷ್ಟು ಜಾಗದಲ್ಲಿ ಒತ್ತೊತ್ತಾಗಿ ನಿಂತಿದ್ದವು. ನಾನು ತಲೆ ತಗ್ಗಿಸಿದರೆ ಗುರು ಚಪ್ಪಾಳೆ ತಟ್ಟಿದ. "ಸಂಸಾರ ಒಟ್ಗೈತೆ ಸಾ! ಮನೆ ಬದ್ಲಾಯಿಸೋದು ಏನ್ ಮಹಾ!"

ಮನೆ ಬದಲಾಯಿಸುವ ಉಪಾಯ ಹೀಗೆ. ಬಾಣದ ಬಾಲ ಇರುವುದು ತುಟಿಯ ಹತ್ತಿರ, ಕಣ್ಣಿಗಿಂತ ಕೆಳಗೆ. ಆದ್ದರಿಂದ ಬಾಣದ ಮೊನೆಯನ್ನು ಗುರಿಯ ಮೇಲೆ ಇಟ್ಟು ನೋಡಿದರೆ, ನಮಗೆ ನೇರ ಕಂಡರೂ ಬಾಣ ಮುಖ ಮಾಡಿರುವುದು ಮೇಲಕ್ಕೆ. ದೂರದ ಗುರಿಗಾದರೆ ದಾರಿಯಲ್ಲಿ ಇಳಿದು ಲೆಕ್ಕ ಸರಿಹೋಗುತ್ತದೆ. ಹತ್ತಿರದ್ದಕ್ಕೆ ಇಳಿಯಲು ಹೊತ್ತೇ ಇರುವುದಿಲ್ಲ, ತಲೆಯ ಮೇಲೆ ಹೋಗುತ್ತದೆ. ಹಾಗಾಗಿ ಹತ್ತಿರದ ಗುರಿಗೆ ಮೊನೆಯನ್ನು ಕೆಳಗಿಟ್ಟು ಬಿಡಬೇಕು, ಇಲ್ಲವೇ ಹೆದೆಯ ಮೇಲೆ ಬೆರಳನ್ನು ಕೆಳಕ್ಕೆ ಜಾರಿಸಿ ಹಿಡಿಯಬೇಕು. ಬೆರಳಿಗೆ ತೊಡುವ ಚರ್ಮದ ಹೊಲಿಗೆಗಳನ್ನು ಎಣಿಸಿ ಎಷ್ಟು ಮೀಟರಿಗೆ ಎಷ್ಟು ಹೊಲಿಗೆ ಎಂದು ಬರೆದಿಟ್ಟುಕೊಳ್ಳುವವರಿದ್ದಾರೆ.

"ಹತ್ರ ಇದ್ದಾಗ್ಲೇ ಸಾ, ಜಾಸ್ತಿ ಕೆಳೀಕ್ ನೋಡ್ಬೇಕು" ಎಂದ ಗುರು. ನಾನು ಬಿಲ್ಲು ಕೆಳಗಿಟ್ಟು ಅಲ್ಲೇ ಕುಳಿತುಬಿಟ್ಟೆ. ಅವನು ನೀರು ತಂದ.

ನನಗೆ ಎಂಟು ವರ್ಷ. ಅಪ್ಪ ದಸರಾ ವಸ್ತುಪ್ರದರ್ಶನದಿಂದ ಬಣ್ಣದ ಕಾಗದ ಸುತ್ತಿದ ಬಿದಿರ ಬಿಲ್ಲು ತಂದುಕೊಟ್ಟಿದ್ದರು. ಅದರ ಕಡ್ಡಿಯ ತುದಿಗೆ ನಾನು ಗುಟ್ಟಾಗಿ ಒಂದು ಮೊಳೆ ಸಿಕ್ಕಿಸಿದ್ದೆ. ನಮ್ಮದು ಅಗ್ರಹಾರದ ರೈಲು ಡಬ್ಬಿಯಂಥ ಮನೆ; ಹಿತ್ತಿಲ ಬಾಗಿಲಲ್ಲಿ ನಿಂತರೆ ನಡುಮನೆಯಲ್ಲಿ ಕೂರಿಸಿದ ಗೊಂಬೆಗಳೆಲ್ಲ ನೇರ ಕಾಣುತ್ತಿದ್ದವು. ಬಾಣ ಬಿಟ್ಟೆ. ಮೇಲಿನ ಮೆಟ್ಟಿಲಲ್ಲಿದ್ದ ಪಟ್ಟದ ರಾಜ ಮುಗ್ಗರಿಸಿ ಉರುಳಿಕೊಂಡು ಬಂದು ಶೆಟ್ಟರ ಅಂಗಡಿಯ ಅಕ್ಕಿಬೇಳೆಯ ನಡುವೆ ಬಿದ್ದ. ಬಲದೋಳು ಕಿತ್ತುಬಂದಿತ್ತು. ಅಮ್ಮ ಅಪಶಕುನವೆಂದು ಅತ್ತಳು.

ಅಪ್ಪ ಸರ್ವೆ ಇಲಾಖೆಯವರು. ಹೊಡೆಯುತ್ತಾರೆಂದು ನಾನು ಕಣ್ಣು ಮುಚ್ಚಿ ನಿಂತರೆ ಅವರು ಕೇಳಿದ್ದು, "ಎಲ್ಲಿ ನಿಂತಿದ್ದೆಯೋ?" ತೋರಿಸಿದೆ. ಅಲ್ಲಿಂದ ಗೊಂಬೆಯವರೆಗೆ ಹೆಜ್ಜೆ ಎಣಿಸಿದರು. "ಹನ್ನೊಂದು! ಒಂದು ಗುಂಟೆಯ ಬದಿ 33 ಅಡಿ, ಅದಕ್ಕಿಂತ ಸ್ವಲ್ಪವೇ ಕಮ್ಮಿ. ನೇರ ತೋಳಿಗೆ!" ಬಿಲ್ಲು ಅಟ್ಟ ಸೇರಿತು. ಆದರೆ ಆ ಹನ್ನೊಂದು ಹೆಜ್ಜೆ ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆ ಸರಬರಾಜಾಯಿತು. 1977ರಲ್ಲಿ 'ಬಭ್ರುವಾಹನ' ನೋಡಿಕೊಂಡು ಬಂದ ರಾತ್ರಿ, ರಾಜ್‌ಕುಮಾರರ ಬಾಣಗಳು ಆಕಾಶದಲ್ಲಿ ಡಿಕ್ಕಿ ಹೊಡೆದದ್ದನ್ನು ಎಲ್ಲರೂ ಹೊಗಳುತ್ತಿದ್ದರೆ, ಅಪ್ಪ ನನ್ನ ಕಡೆ ನೋಡಿ, "ಅದಿರಲಿ, ನಮ್ಮವನು ಹನ್ನೊಂದು ಹೆಜ್ಜೆಯಿಂದ..." ಎಂದು ಶುರುಮಾಡಿದ್ದರು. ಜೀವನದಲ್ಲಿ ಅವರು ನನ್ನ ಬಗ್ಗೆ ಜಂಬಪಟ್ಟದ್ದು ಅದೊಂದಕ್ಕೆ ಎಂದು ಕಾಣುತ್ತದೆ. ಎಸ್ಸೆಸ್ಸೆಲ್ಸಿ ಅಂಕಗಳಿಗಂತೂ ಅಲ್ಲ.

ನಾನು ಗುರಿಯಿಟ್ಟದ್ದು ರಾಜನಿಗಲ್ಲ. ಮೂರು ಮೆಟ್ಟಿಲು ಕೆಳಗಿದ್ದ ಹಸಿರು ಗಿಣಿಗೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಮೂರು ಮೆಟ್ಟಿಲು ಹೇಗೆ ತಪ್ಪಿತು ಎಂದು ಮಾತ್ರ ಒಳಗೊಳಗೇ ಕೊರೆಯುತ್ತಿತ್ತು. ಐವತ್ತಕ್ಕೂ ಹೆಚ್ಚು ವರ್ಷದ ಮೇಲೆ, ಕೋಟೆಯ ಹುಡುಗನೊಬ್ಬ ಒಂದೇ ವಾಕ್ಯದಲ್ಲಿ ಬಿಡಿಸಿಟ್ಟ.

ಆ ವರ್ಷದ ಆಯುಧಪೂಜೆಗೆ ನಮ್ಮ ಮನೆಯಲ್ಲಿ ಮೊದಲ ಸಲ ಒಂದು ಆಯುಧವಿತ್ತು. ಅಲ್ಲಿಯವರೆಗೆ ಸ್ಕೂಟರು, ಮಿಕ್ಸಿ, ಈಳಿಗೆಮಣೆ, ಸ್ಟೇಪ್ಲರುಗಳಿಗೆ ಕುಂಕುಮವಿಟ್ಟು ನಡೆಸಿಕೊಂಡು ಬಂದಿದ್ದೆವು. ಹೆಂಡತಿ ಬಿಲ್ಲಿಗೆ ಚೆಂಡುಹೂವು ಮುಡಿಸಿದಳು. ಮರುದಿನ ಟೀವಿಯಲ್ಲಿ ಅಂಬಾರಿ ಬನ್ನಿಮಂಟಪದ ಕಡೆ ಹೊರಟಿದ್ದಾಗ ನಾನು, ಪಾಂಡವರು ಬನ್ನಿಮರದಲ್ಲಿ ಬಿಲ್ಲುಗಳನ್ನು ಬಚ್ಚಿಟ್ಟು ಯಾರೂ ಹತ್ತಿರ ಬರದಿರಲೆಂದು ಹೆಣ ಕಟ್ಟಿದ್ದರಂತೆ ಎಂದೆ. ಅರ್ಜುನ ಒಂದು ವರ್ಷ ಡ್ಯಾನ್ಸ್ ಕ್ಲಾಸು ನಡೆಸಿ, ಬಿಲ್ಲು ಮುಟ್ಟದೆ ಇದ್ದು, ಇಳಿಸಿಕೊಂಡ ದಿನವೇ ಕೌರವರನ್ನೆಲ್ಲ ಓಡಿಸಿದ. ನಾನು ನಾಲ್ಕು ದಿನ ತಪ್ಪಿಸಿದರೆ ಸಂಸಾರ ಚೆದುರುತ್ತದೆ. ಆ ಮಾತಿನ ನಡುವೆ ಗಿಣಿಯ ವಿಷಯವನ್ನೂ ಹೇಳಿಬಿಟ್ಟೆ.

ಅವಳು ತೋಳಿಗೆ ಕೆಂಪು ದಾರ ಸುತ್ತಿದ ರಾಜನನ್ನೂ, ಬಣ್ಣ ಹೋದ ಗಿಣಿಯನ್ನೂ ನೋಡಿದಳು. "ಇಷ್ಟು ವರ್ಷ ಇದನ್ನ ಹಿಡ್ಕೊಂಡು ಕೂತಿದ್ರಾ? ಮಾವನವರಿಗೆ ಗೊತ್ತಿರಲಿಲ್ಲ ಅಂದ್ಕೊಂಡ್ರಾ?"

"ಗೊತ್ತಿತ್ತಾ?"

"ನಂಗೇನು ಗೊತ್ತು ರೀ. ಅಳತೆಯವರಲ್ವಾ, ಕೇಳ್ದೆ."

ಮುಂದಿನ ಸೋಮವಾರ ಬಯಲಿಗೆ ಹೋದವನು 18 ಮೀಟರಿನ ಗೆರೆ ದಾಟಿ ಹಲಗೆಯ ಬುಡಕ್ಕೆ ಹೋದೆ. ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬಂದೆ. ಮಕ್ಕಳು ಬಾಣ ಹೂಡುವುದನ್ನು ನಿಲ್ಲಿಸಿ ನೋಡುತ್ತಿದ್ದವು.

"ಎಷ್ಟ್ ಮೀಟ್ರು ಸಾ ಅದು?"

"ಹನ್ನೊಂದು ಹೆಜ್ಜೆ."

"ಯಾರ್ ಹೆಜ್ಜೆ?"

ಅಪ್ಪ ನನಗಿಂತ ಎತ್ತರದವರು, ಕಾಲು ಉದ್ದ. ಇನ್ನೊಂದು ಹೆಜ್ಜೆ ಹಿಂದೆ ಸರಿದು ನಿಂತೆ.