ಮದ್ದಿನ ತಕ್ಕಡಿ

ಔಷಧಕ್ಕೂ ಸಿಡಿಯುವ ಪುಡಿಗೂ ನಮ್ಮ ಭಾಷೆಯಲ್ಲಿ ಮದ್ದೆಂಬ ಒಂದೇ ಹೆಸರಿದೆ. ಮೊದಲನೆಯದನ್ನು ತೂಗಿ ಜೀವಮಾನವೆಲ್ಲ ಹೊಟ್ಟೆಹೊರೆದ ನಾನು, ಎರಡನೆಯದನ್ನು ತೂಗುವ ತಕ್ಕಡಿಯ ಮುಂದೆ ಮುಪ್ಪಿನಲ್ಲಿ ಕುಳಿತುಕೊಳ್ಳುವೆನೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ.

2019ರಲ್ಲಿ ಮಗನ ಮನೆಗೆಂದು ಅಮೆರಿಕದ ಟೆಕ್ಸಾಸ್ ರಾಜ್ಯಕ್ಕೆ ಹೋಗಿದ್ದೆನು. ಅವನಿಗೆ ಪಿಸ್ತೂಲಿನಿಂದ ಗುರಿ ಹೊಡೆಯುವ ಹವ್ಯಾಸ. ಅಷ್ಟಕ್ಕೇ ನಿಲ್ಲದೆ, ಹಾರಿಸಿದ ತೋಟಾಗಳ ಹಿತ್ತಾಳೆ ಕೋಶಗಳನ್ನು ಆಯ್ದು ತಂದು ಮನೆಯಲ್ಲಿಯೇ ಮರಳಿ ತುಂಬುತ್ತಿದ್ದನು. ನಮ್ಮಲ್ಲಿಯಾದರೆ 1959ರ ಆಯುಧ ಕಾಯಿದೆಯ ಮೇರೆಗೆ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ. ಅಲ್ಲಿ ಸ್ವಂತ ಉಪಯೋಗಕ್ಕಾದರೆ ಕೇಂದ್ರ ಸರ್ಕಾರದ ಅಪ್ಪಣೆ ಬೇಕಿಲ್ಲ, ಮಾರಾಟಕ್ಕಾದರೆ ಬೇಕು. ಸೊಸೆಗೆ ಇದು ಎಳ್ಳಷ್ಟೂ ಒಪ್ಪಿಗೆಯಿರಲಿಲ್ಲ. “ಮಗು ಓಡಾಡುವ ಮನೆ ಮಾವ, ನೀವಾದರೂ ಒಂದು ಮಾತು ಹೇಳಿ” ಎಂದಳು. ಹೇಳಲೆಂದೇ ಹೋದವನು, ನಾಚಿಕೆಯಿಲ್ಲದೆ ಒಪ್ಪುತ್ತೇನೆ, ನೋಡುತ್ತ ಕುಳಿತುಬಿಟ್ಟೆನು.

ಅವನು ತುಂಬುತ್ತಿದ್ದುದು 1994ರಲ್ಲಿ ಬಳಕೆಗೆ ಬಂದ 357 ಸಿಗ್ ಎಂಬ ತೋಟಾ. ಬುಡ ದಪ್ಪ, ಮೇಲೆ ಹೆಗಲು, ಅದರ ಮೇಲೆ ಕಿರಿದಾದ ಕೊರಳು. ನೋಡಿದರೆ ಔಷಧದ ಪುಟ್ಟ ಸೀಸೆಯಂತೆ. ನೇರವಾದ ಕೋಶಗಳು ಕಾರ್ಬೈಡ್ ಅಚ್ಚಿನಲ್ಲಿ ಎಣ್ಣೆಯಿಲ್ಲದೆಯೇ ತಮ್ಮ ಅಳತೆಗೆ ಮರಳುತ್ತವಂತೆ. ಈ ಸೀಸೆಗೆ ಎಣ್ಣೆ ಸವರದಿದ್ದರೆ ಅಚ್ಚಿನಲ್ಲಿಯೇ ಕಚ್ಚಿಕೊಳ್ಳುವುದು. ಕೊರಳು ಬಹಳ ಗಿಡ್ಡವಾದುದರಿಂದ ಗುಂಡಿಗೆ ಹಿಡಿತ ಕಡಿಮೆ. ಅದು ಒಳಕ್ಕೆ ಜರುಗಿದರೆ ಒತ್ತಡವು ಅಪಾಯದ ಮಟ್ಟಕ್ಕೆ ಏರುವುದು. ಹೀಗಾಗಿ ಪ್ರತಿಯೊಂದನ್ನೂ ಮೇಜಿನಂಚಿಗೆ ಮೆಲ್ಲನೆ ಒತ್ತಿ, ಉದ್ದವನ್ನು ಮತ್ತೆ ಅಳೆದು ನೋಡುತ್ತಿದ್ದನು.

ನನ್ನ ಮನಸ್ಸನ್ನು ಸೆಳೆದದ್ದು ತಕ್ಕಡಿ. ಅದರ ಲೆಕ್ಕ ಗ್ರೇನುಗಳಲ್ಲಿ! ಒಂದು ಪೌಂಡಿಗೆ 7000 ಗ್ರೇನು. ಒಂದು ಗುಲಗಂಜಿ ಹೆಚ್ಚುಕಡಿಮೆ ಎರಡು ಗ್ರೇನು ತೂಗುತ್ತದೆ. ನಾನು ಕಂಪೌಂಡರ್ ಕೆಲಸ ಕಲಿಯುವಾಗ ಹಳೆಯ ಪೆಟ್ಟಿಗೆಯಲ್ಲಿ ಆ ಬಟ್ಟುಗಳು ಇನ್ನೂ ಉಳಿದಿದ್ದವು. ಬಹುಕಾಲದ ಮೇಲೆ ಸ್ನೇಹಿತನನ್ನು ಕಂಡಂತಾಯಿತು.

ಒಂದು ಸಂಜೆ ಅವನು ಒಂದೊಂದೇ ಕೋಶಕ್ಕೆ ಮದ್ದು ಸುರಿದು, ಒಡನೆಯೇ ಗುಂಡು ಕೂಡಿಸುತ್ತಿದ್ದಾಗ ಟೆಲಿಫೋನು ಕರೆಯಿತು. ಮಾತನಾಡಿ ಬಂದು ಕೆಲಸ ಮುಂದುವರಿಸಿದನು. ಐವತ್ತು ಮುಗಿದವು. ಎಲ್ಲಿಗೆ ನಿಲ್ಲಿಸಿದ್ದನು, ಕೈಯಲ್ಲಿದ್ದ ಕೋಶಕ್ಕೆ ಮದ್ದು ಬಿದ್ದಿತ್ತೇ, ಎರಡು ಸಲ ಬಿದ್ದಿತೇ? ನಾನು ಎದುರಿಗೇ ಇದ್ದೆನು. ಆದರೆ ನನಗೂ ನಿಶ್ಚಯವಿರಲಿಲ್ಲ.

ಆ ರಾತ್ರಿ ನಿದ್ರೆ ಹತ್ತಲಿಲ್ಲ. 1974ರಲ್ಲಿ ನಾನು ಕೆಲಸಕ್ಕಿದ್ದ ಔಷಧಾಲಯದಲ್ಲಿ ಹೀಗೆಯೇ ಯಾರೋ ಬಾಗಿಲಲ್ಲಿ ಕೂಗಿದ್ದರು. ಹೋಗಿ ಬಂದು ಅದೇ ಸೀಸೆಗೆ ಅದೇ ಔಷಧವನ್ನು ಎರಡನೆಯ ಸಲ ಸುರಿದೆನು. ಕುಡಿದವಳು ಚಿಕ್ಕ ಹುಡುಗಿ. ಎರಡು ರಾತ್ರಿ ಅವಳ ತಾಯಿಯ ಪಕ್ಕದಲ್ಲಿ ಕುಳಿತಿದ್ದೆನು. ಮೂರನೆಯ ಬೆಳಿಗ್ಗೆ ಹುಡುಗಿ ಗಂಜಿ ಕೇಳಿದಳು. ಈ ಸಂಗತಿಯನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಬೆಳಗಾದೊಡನೆ ಮಗನಿಗೆ ಹೇಳಿದೆನು. ಮೊದಲು ಅವನು, “ಒಂದೊಂದನ್ನೂ ತೂಗಿ ನೋಡಿದರಾಯಿತಪ್ಪ, ಅಷ್ಟಕ್ಕೇಕೆ ಗಾಬರಿ?” ಎಂದನು. ತೂಗಿದೆವು. ಬರಿಯ ಹಿತ್ತಾಳೆ ಕೋಶಗಳೇ ಒಂದಕ್ಕೊಂದು ಕೆಲವು ಗ್ರೇನು ಹೆಚ್ಚುಕಡಿಮೆಯಿದ್ದುದರಿಂದ ಆ ತೂಕ ನಂಬುವಂತಿರಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹುಡುಗಿಗೆ ಎಷ್ಟು ವಯಸ್ಸಾಗಿತ್ತು?” ಎಂದು ಕೇಳಿದನು. ಆರು ಎಂದೆನು. ಮೊಮ್ಮಗನಿಗೂ ಆಗ ಆರು.

ಸುತ್ತಿಗೆಯಂತಹ ಒಂದು ಸಾಧನವುಂಟು. ತೋಟಾವನ್ನು ಅದರಲ್ಲಿ ಸಿಕ್ಕಿಸಿ ನೆಲಕ್ಕೆ ಬಡಿದರೆ ಗುಂಡು ಕಳಚಿ ಬರುತ್ತದೆ. ಮಧ್ಯಾಹ್ನದವರೆಗೆ ಬಡಿದೆವು. ಎರಡು ಪಾಲು ಬಿದ್ದುದು ಯಾವುದೂ ಇರಲಿಲ್ಲ. ಮೂವತ್ತೊಂದನೆಯದರಲ್ಲಿ ಮದ್ದೇ ಇರಲಿಲ್ಲ. ಮಗನ ಮುಖ ಕಪ್ಪಿಟ್ಟಿತು. ಅಂತಹ ತೋಟಾದಲ್ಲಿ ಕೇಪಿನ ಬಲವೊಂದೇ ಗುಂಡನ್ನು ನಳಿಗೆಯ ನಡುವೆ ತಂದು ಸಿಕ್ಕಿಸಬಹುದು. ತಿಳಿಯದೆ ಮುಂದಿನದನ್ನು ಹಾರಿಸಿದರೆ ನಳಿಗೆಯೇ ಬಿರಿಯಬಹುದು.

ಅವನು ಹವ್ಯಾಸವನ್ನು ಬಿಡಲಿಲ್ಲ. ನಾನೂ ಬಿಡೆಂದು ಹೇಳಲಿಲ್ಲ. ಮದ್ದೂ ಕೇಪುಗಳೂ ಬೀಗದ ಕಪಾಟಿಗೆ ಹೋದವು. ಮುಂದಿನ ಶನಿವಾರ ಅವನು ಮೇಜಿಗೆ ಹೊರಟಾಗ ಸೊಸೆ ಏನೂ ಹೇಳದೆ ಕೈ ಚಾಚಿದಳು. ಅವನು ಕೊಟ್ಟ ಟೆಲಿಫೋನನ್ನು ಅಡಿಗೆಮನೆಯ ಅಕ್ಕಿಡಬ್ಬದ ಮೇಲೆ ಇಟ್ಟುಕೊಂಡಳು. ಅದು ಎರಡು ಸಲ ಕರೆಯಿತು. ಯಾರೂ ತೆಗೆಯಲಿಲ್ಲ.