ಬಾಗಿಲಾಚೆ ನಿಂತವರು

ನ್ಯೂಯಾರ್ಕಿನ ಈಸ್ಟ್ ಸೆವೆಂತ್ ಸ್ಟ್ರೀಟಿನಲ್ಲಿ ಮ್ಯಾಕ್‌ಸೋರ್ಲಿಸ್ ಓಲ್ಡ್ ಏಲ್ ಹೌಸ್ ಎಂಬ ಹಳೆಯ ಪಡಖಾನೆಯಿದೆ. ಐರ್ಲೆಂಡಿನಿಂದ ವಲಸೆ ಬಂದ ಜಾನ್ ಮ್ಯಾಕ್‌ಸೋರ್ಲಿ 1854ರಲ್ಲಿ ಇದನ್ನು ತೆರೆದನೆಂಬುದು ಅಂಗಡಿಯವರ ಲೆಕ್ಕ. ಆ ಇಸವಿಯನ್ನು ಒಪ್ಪದ ಸಂಶೋಧಕರೂ ಇದ್ದಾರೆ. ಅಲ್ಲಿ ಸಿಗುವ ಏಲ್ ಎಂಬ ಬಿಯರು ಎರಡೇ ಬಗೆಯದು, ತಿಳಿ ಬಣ್ಣದ್ದು ಮತ್ತು ಕಡು ಬಣ್ಣದ್ದು. ಜಾನ್ ಸ್ಲೋನ್ 1912ರಲ್ಲಿ ಇದರ ಒಳಾಂಗಣದ ಚಿತ್ರ ಬರೆದ. 1940ರಲ್ಲಿ ಜೋಸೆಫ್ ಮಿಚೆಲ್ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಇದರ ಕತೆ ಹೇಳಿದ.

ನನ್ನ ಪಿಎಚ್.ಡಿ. ನಗರದ ಸಾರ್ವಜನಿಕ ಜಾಗಗಳ ಬಗ್ಗೆ. ನೆರೆಹೊರೆಯವರೆಲ್ಲ ಸೇರುವ ಜಾಗಕ್ಕೊಂದು ಉದಾಹರಣೆ ಹುಡುಕುತ್ತ ಇದರ ಚರಿತ್ರೆ ಓದತೊಡಗಿದೆ. ‘ಎಲ್ಲ’ ಎಂಬ ಪದದ ಹತ್ತಿರ ಬಂದು ನಿಂತುಬಿಟ್ಟೆ. 1970ರವರೆಗೆ ಇಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ಒಳ್ಳೆಯ ಏಲ್, ಹಸಿ ಈರುಳ್ಳಿ ಉಂಟು, ಹೆಂಗಸರಿಲ್ಲ ಎಂಬುದೇ ಅಂಗಡಿಯ ಹೆಮ್ಮೆಯ ಮಾತಾಗಿತ್ತು.

ವಿಚಿತ್ರವೆಂದರೆ 1939ರಿಂದ ಇದರ ಒಡತಿ ಒಬ್ಬ ಹೆಂಗಸು, ಡೊರೊತಿ ಓಕಾನಲ್ ಕಿರ್ವಾನ್. ಅಪ್ಪನಿಗೆ ಕೊಟ್ಟ ಮಾತಿನಂತೆ ವ್ಯಾಪಾರದ ಹೊತ್ತಿನಲ್ಲಿ ಆಕೆ ಒಳಗೆ ಕಾಲಿಡುತ್ತಿರಲಿಲ್ಲ. ಭಾನುವಾರ ಬಾಗಿಲು ಹಾಕಿದ ಮೇಲೆ ಬರುತ್ತಿದ್ದಳಂತೆ. 1969ರಲ್ಲಿ ಫೇತ್ ಸೈಡನ್‌ಬರ್ಗ್ ಮತ್ತು ಕ್ಯಾರೆನ್ ಡಿಕ್ರೋ ಎಂಬಿಬ್ಬರು ಒಳಹೊಕ್ಕು ಏಲ್ ಕೇಳಿದರು. ಕೊಡಲಿಲ್ಲ. ಕೋರ್ಟಿಗೆ ಹೋಗಿ ಗೆದ್ದರು. ಬಾಗಿಲು ತೆರೆದಾಗ ಮೊದಲು ಬಂದವಳು ಅದೇ ಬೀದಿಯಲ್ಲಿ ಚರ್ಮದ ಸಾಮಾನು ಮಾಡುತ್ತಿದ್ದ ಬಾರ್ಬರಾ ಶಾಮ್. ಹೆಂಗಸರಿಗೆ ಬೇರೆ ಶೌಚಾಲಯವಾಗಲು ಇನ್ನೂ 16 ವರ್ಷ ಬೇಕಾಯಿತು.

ಇದನ್ನೆಲ್ಲ ಓದುವಾಗ ನಮ್ಮೂರಿನ ಸಾರಾಯಿ ಅಂಗಡಿ ಕಣ್ಣಮುಂದೆ ಬಂತು. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಯಿತು. ಆಗ ನಾನಿನ್ನೂ ಚಿಕ್ಕವಳು. ಅಂಗಡಿಯ ಮುಂದೆ ಹೋಗುವಾಗ ಅಮ್ಮ ನನ್ನ ಕೈ ಬಿಗಿಯಾಗಿ ಹಿಡಿದು ದಾಪುಗಾಲು ಹಾಕುತ್ತಿದ್ದಳು. ಬಟವಾಡೆಯ ಸಂಜೆ ಕೆಲವು ಹೆಂಗಸರು ಎದುರಿನ ಕಟ್ಟೆಯ ಮೇಲೆ ಕಾದು ಕೂತಿರುತ್ತಿದ್ದರು. ಕೂಲಿ ದುಡ್ಡಿನಲ್ಲಿ ಅಕ್ಕಿಗೆ ಒಂದಿಷ್ಟಾದರೂ ಉಳಿಯಲಿ ಎಂದು.

ಎರಡೂ ಕಡೆ ಹೊರಗೆ ನಿಂತವರ ಕಾರಣ ಒಂದೇ ಅಲ್ಲ. ಅಲ್ಲಿಯವರಿಗೆ ಒಳಗೊಂದು ಜಾಗ ಬೇಕಿತ್ತು. ಇಲ್ಲಿಯವರಿಗೆ ಆ ಅಂಗಡಿಯೇ ಬೇಡವಾಗಿತ್ತು. ಆದರೆ ಅಂಗಡಿಯ ಚರಿತ್ರೆ ಬರೆಯುವಾಗ ಇಬ್ಬರನ್ನೂ ಯಾರೂ ಕೇಳುವುದಿಲ್ಲ. ಒಳಗೆ ಕೂತವನಿಗೆ ಗೆಳೆಯರು, ಹಾಡು, ಹರಟೆ ನೆನಪಿರುತ್ತವೆ. ಎಷ್ಟು ಹೊತ್ತಿಗೆ ದೀಪ ಆರಿತು, ಯಾರ ಜೇಬು ಖಾಲಿಯಾಯಿತು ಎಂಬುದು ಕಟ್ಟೆಯ ಮೇಲಿದ್ದವರಿಗೇ ಗೊತ್ತು. ಅವರಲ್ಲಿ ಕೆಲವರಿಗೆ ಈಗ ಎಪ್ಪತ್ತು ದಾಟಿದೆ. ಮುಂದಿನ ಬಾರಿ ಊರಿಗೆ ಹೋದಾಗ ಮೊದಲು ಅವರ ಮನೆಗೇ ಹೋಗಬೇಕು.